ಕಸೂತಿಯ ಕವಡೆ, ಬಿಳಿಚುವ ಹವಳ

ಸಂಡೂರು ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ಹೊಲಿಯುವ ಕಸೂತಿಯಲ್ಲಿ ಬಣ್ಣದ ದಾರ, ಕನ್ನಡಿ ಬಿಲ್ಲೆ, ನಾಣ್ಯಗಳ ಜತೆಗೆ ಕವಡೆಯೂ ಇರುತ್ತದೆ. ಕಾಂಚಳಿಯ ಅಂಚಿಗೆ, ಚೀಲದ ಬಾಯಿಗೆ, ಎತ್ತಿನ ಮುಖವಾಡಕ್ಕೆ ಸಾಲಾಗಿ ಕೂಡಿಸಿದ ಈ ಬಿಳಿ ಚಿಪ್ಪು ಇಲ್ಲದಿದ್ದರೆ ಆ ಕಸೂತಿಗೆ ಕಳೆಯೇ ಇಲ್ಲ. ಹುಲಿಗೆಮ್ಮನ ಜೋಗತಿಯರ ಕೊರಳಲ್ಲಿ, ಮೈಲಾರದ ಗೊರವಯ್ಯನ ಕಂಬಳಿಯ ಮೇಲೆ, ಚೌಕಾಬಾರಾ ಆಡುವ ಮಕ್ಕಳ ಅಂಗೈಯಲ್ಲಿ ಇರುವುದೂ ಇದೇ ಕವಡೆ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯಿಂದ ಕಡಲು ಇನ್ನೂರು ಕಿಲೋಮೀಟರಿಗೂ ದೂರ. ಆದರೂ ಕಡಲಿನ ಈ ಚಿಪ್ಪು ಇಲ್ಲಿನ ದೇವರು, ಆಟ, ಉಡುಗೆ ಮೂರರಲ್ಲೂ ಸೇರಿಹೋಗಿದೆ.

ಕವಡೆ ಒಂದು ಜೀವಿಯ ಮನೆ. ಬಸವನಹುಳುವಿನ ದೂರದ ನೆಂಟನಾದ ಈ ಪುಟ್ಟ ಮೃದ್ವಂಗಿ ಬೆಚ್ಚಗಿನ ಕಡಲಿನ ಹವಳದ ದಿಬ್ಬಗಳಲ್ಲಿ, ಕಲ್ಲುಗಳ ಅಡಿಯಲ್ಲಿ ಪಾಚಿ ಮೇಯುತ್ತಾ ಬದುಕುತ್ತದೆ. ಆ ದಿಬ್ಬಗಳು ಈಗ ಜಗತ್ತಿನಾದ್ಯಂತ ಬಿಳಿಚಿಕೊಂಡು ಸಾಯುತ್ತಿವೆ. ಕಡಲ ತಳದಲ್ಲಿ ನಡೆಯುವ ಈ ಸಾವು ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಿಸುವ ಕೆಲಸವನ್ನು ಕೆಲವು ಕಲಾವಿದರು ಕೈಗೆತ್ತಿಕೊಂಡಿದ್ದಾರೆ. ಅದರ ಇತಿಹಾಸ ಅರ್ಧ ಶತಮಾನಕ್ಕೂ ಹಿಂದಿನದು. ಅದಕ್ಕೆ ಕನ್ನಡದ ಕೊಂಡಿಗಳೂ ಇವೆ.

ಕವಡೆ ನಡೆದ ಹಾದಿ

'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುವ ಮಾತು ಇಂದು ತಾತ್ಸಾರದ್ದು. ಆದರೆ ಶತಮಾನಗಳ ಕಾಲ ಕವಡೆ ನಿಜವಾಗಿಯೂ ಕಾಸಾಗಿತ್ತು. ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಅದು ಮುಖ್ಯವಾಗಿ ಬರುತ್ತಿದ್ದುದು ಮಾಲ್ಡೀವ್ಸ್ ದ್ವೀಪಗಳಿಂದ. 14ನೇ ಶತಮಾನದಲ್ಲಿ ಅಲ್ಲಿ ಕಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತ, ಜನ ಕಡಲಿನಿಂದ ಕವಡೆ ಹೆಕ್ಕಿ ದಂಡೆಯ ಗುಂಡಿಗಳಲ್ಲಿ ಹಾಕಿ, ಒಳಗಿನ ಮಾಂಸ ಕೊಳೆತ ಮೇಲೆ ಚಿಪ್ಪನ್ನು ತೆಗೆದು, ಬಂಗಾಳಕ್ಕೆ ಕಳಿಸಿ ಅಕ್ಕಿ ತರಿಸಿಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಮುಂದೆ ಐರೋಪ್ಯ ಕಂಪನಿಗಳು ಇದನ್ನೇ ಹಡಗಿನಲ್ಲಿ ತುಂಬಿ ಪಶ್ಚಿಮ ಆಫ್ರಿಕಾಕ್ಕೆ ಸಾಗಿಸಿ ಗುಲಾಮರನ್ನು ಕೊಂಡವು. 19ನೇ ಶತಮಾನದಲ್ಲಿ ಲೋಹದ ನಾಣ್ಯ ಎಲ್ಲೆಡೆ ನೆಲೆಯೂರಿದ ಮೇಲೆ ಕವಡೆ ಚಲಾವಣೆಯಿಂದ ಮರೆಯಾಗಿ ಅಲಂಕಾರಕ್ಕೆ, ಆಟಕ್ಕೆ, ಶಾಸ್ತ್ರ ಹೇಳುವುದಕ್ಕೆ ಉಳಿಯಿತು.

ಲಂಬಾಣಿಗರಿಗೂ ಕಡಲಿಗೂ ಇದ್ದ ನಂಟು ಕವಡೆಯೊಂದರದ್ದೇ ಅಲ್ಲ. ರೈಲು ಬರುವುದಕ್ಕೆ ಮೊದಲು ದಕ್ಷಿಣಾಪಥದ ಸರಕು ಸಾಗಣೆ ಇವರ ಎತ್ತುಗಳ ಬೆನ್ನ ಮೇಲೆ ನಡೆಯುತ್ತಿತ್ತು. 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡು ಬೆರಗಾಗಿದ್ದ. ಅವುಗಳ ಹೇರಿನಲ್ಲಿ ದವಸದಷ್ಟೇ ಮುಖ್ಯವಾದದ್ದು ಉಪ್ಪು. 'ಲವಣ'ದಿಂದಲೇ ಲಂಬಾಣಿ ಎಂಬ ಹೆಸರು ಬಂದಿತೆಂದು ಹೇಳುವವರೂ ಇದ್ದಾರೆ. ಕಡಲ ಉಪ್ಪನ್ನು ಒಳನಾಡಿನ ಒಲೆಗೆ ಮುಟ್ಟಿಸಿದ ಜನ ಕಡಲ ಚಿಪ್ಪನ್ನು ತಮ್ಮ ಉಡುಗೆಗೆ ಹೊಲಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕನ್ನಡ ನಾಡಿನ ಆಡಳಿತಕ್ಕೂ ಹವಳದ ದ್ವೀಪಗಳಿಗೂ ಸಂಬಂಧವಿತ್ತು ಎಂಬುದನ್ನು ಇಂದು ಬಹಳ ಮಂದಿ ಮರೆತಿದ್ದಾರೆ. ಈಗ ಲಕ್ಷದ್ವೀಪಕ್ಕೆ ಸೇರಿರುವ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಹಿಂದೆ ಟಿಪ್ಪುವಿನ ವಶದಲ್ಲಿದ್ದವು. 1799ರ ನಂತರ ಕೆನರಾ ಆಡಳಿತಕ್ಕೆ ಬಂದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದ ದೋಣಿಗಳು ತೆಂಗಿನ ನಾರು ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಆ ದ್ವೀಪಗಳೆಲ್ಲ ನಿಂತಿರುವುದು ಹವಳ ಕಟ್ಟಿದ ನೆಲದ ಮೇಲೆ.

ಎರಡು ಬಗೆಯ ಹವಳ

ಹವಳ ಎಂದೊಡನೆ ನಮ್ಮವರಿಗೆ ನೆನಪಾಗುವುದು ನವರತ್ನಗಳಲ್ಲೊಂದಾದ ಕೆಂಪು ಹವಳ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೊಸಾ, ವಿಜಯನಗರದ ಪೇಟೆಗೆ ಬರುವ ಪರದೇಶದ ಸರಕುಗಳಲ್ಲಿ ಪಾದರಸ, ಕೇಸರಿ, ಪನ್ನೀರುಗಳ ಜತೆಗೆ ಮಣಿ ಮಾಡಿದ ಹವಳವನ್ನೂ ಹೆಸರಿಸುತ್ತಾನೆ. ಆ ಕಾಲದಲ್ಲಿ ಈ ಕೆಂಪು ಹವಳ ಬರುತ್ತಿದ್ದುದು ದೂರದ ಮೆಡಿಟರೇನಿಯನ್ ಸಮುದ್ರದಿಂದ. ಅದು ಆಳದ ತಂಪು ನೀರಿನಲ್ಲಿ ಗಿಡದಂತೆ ಕವಲೊಡೆದು ಬೆಳೆಯುವ ಜಾತಿ. ದ್ವೀಪ ಕಟ್ಟುವ ಹವಳ ಅದಲ್ಲ.

ದಿಬ್ಬ ಕಟ್ಟುವ ಹವಳ ಬೆಚ್ಚಗಿನ, ತಿಳಿಯಾದ, ಬಿಸಿಲು ಇಳಿಯುವ ನೀರಿನದು. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರ ಲಕ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡು, ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ತಮ್ಮ ಸುತ್ತ ಗಟ್ಟಿ ಬಟ್ಟಲು ಕಟ್ಟಿಕೊಳ್ಳುತ್ತವೆ. ಹಳೆಯವು ಸತ್ತಂತೆ ಹೊಸವು ಅವುಗಳ ಮೇಲೆಯೇ ಮನೆ ಕಟ್ಟುತ್ತವೆ. ಹೀಗೆ ಸಾವಿರಾರು ವರ್ಷಗಳಲ್ಲಿ ದಿಬ್ಬ ಏಳುತ್ತದೆ. ಕಡಲ ತಳದಲ್ಲಿ ಶೇಕಡಾ ಒಂದಕ್ಕೂ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲಿನ ಸುಮಾರು ಕಾಲು ಭಾಗ ಜೀವಿ ಪ್ರಭೇದಗಳಿಗೆ ಆಸರೆ. ಮೀನಿಗೆ ಅದು ಬಸಿರು ಬಾಣಂತನದ ಮನೆ. ದಂಡೆಯ ಊರಿಗೆ ಅಲೆ ತಡೆಯುವ ಕೋಟೆ.

ಬಿಳಿಚುವುದೆಂದರೆ ಏನು?

ಪಾಲಿಪ್‌ನ ಮೈಯೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿ ಒಕ್ಕಲಿರುತ್ತದೆ. ಅದು ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತದೆ. ಹವಳ ಅದಕ್ಕೆ ಮನೆ ಕೊಡುತ್ತದೆ. ಹವಳದ ಬಣ್ಣವೂ ಬಹುಪಾಲು ಈ ಪಾಚಿಯದೇ. ಬೇಸಿಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ನೀರಿನ ತಾಪ ಒಂದು ಡಿಗ್ರಿ ಸೆಲ್ಷಿಯಸ್‌ನಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ ಈ ಒಡಂಬಡಿಕೆ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ತಳ್ಳುತ್ತದೆ. ಆಗ ಪಾರದರ್ಶಕ ಮೈಯ ಕೆಳಗಿನ ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ. ಬಿಳಿಚಿದ ಹವಳ ಆಗಲೇ ಸತ್ತಿಲ್ಲ, ಉಪವಾಸ ಬಿದ್ದಿದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಲ್ಲದು, ಇಲ್ಲದಿದ್ದರೆ ಸಾಯುತ್ತದೆ.

1998ರಲ್ಲಿ ಎಲ್ ನಿನೊ ವರ್ಷದ ಬಿಸಿಗೆ ಜಗತ್ತಿನ ಹವಳದಲ್ಲಿ ಸುಮಾರು ಶೇ 8ರಷ್ಟು ಸತ್ತಿತು. 2009ರಿಂದ 2018ರ ನಡುವೆ ಇನ್ನೂ ಶೇ 14ರಷ್ಟು ಇಲ್ಲವಾಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೇ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು. 2025ರ ವೇಳೆಗೆ ಜಗತ್ತಿನ ಹವಳ ದಿಬ್ಬಗಳ ಶೇ 84ರಷ್ಟು ಭಾಗಕ್ಕೆ ಬಿಳಿಚುವ ಮಟ್ಟದ ತಾಪ ತಟ್ಟಿತ್ತು. ಲಕ್ಷದ್ವೀಪದ ಕತೆಯೂ ಬೇರೆಯಲ್ಲ. ಮೈಸೂರಿನಲ್ಲಿ ನೆಲೆ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳನ್ನು 24 ವರ್ಷ ಗಮನಿಸಿದ್ದಾರೆ. 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಇಳಿದಿತ್ತು. ಒಂದು ಕಾಲಕ್ಕೆ ದಕ್ಷಿಣ ಕನ್ನಡದ ದಫ್ತರದಲ್ಲಿದ್ದ ಕಡಮತ್ ಕೂಡ ಈ ಲೆಕ್ಕದಲ್ಲಿ ಸೇರಿದೆ.

ಚಿತ್ರಗಾರ ಹೂಡಿದ ಹೋರಾಟ

ಹವಳದ ದಿಬ್ಬಕ್ಕಾಗಿ ಕಲಾವಿದರು ದನಿ ಎತ್ತಿದ ಮೊದಲ ದೊಡ್ಡ ಪ್ರಸಂಗಕ್ಕೆ ಕಾರಣ ತಾಪವಲ್ಲ, ಗಣಿ. ಸಂಡೂರಿನ ಓದುಗರಿಗೆ ಇದು ಚೆನ್ನಾಗಿ ಅರ್ಥವಾಗುವ ಕತೆ. 1967ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್‌ನಲ್ಲಿ ಒಬ್ಬ ಕಬ್ಬು ಬೆಳೆಗಾರ, ಗ್ರೇಟ್ ಬ್ಯಾರಿಯರ್ ರೀಫ್‌ನ ಭಾಗವಾದ ಎಲಿಸನ್ ದಿಬ್ಬವನ್ನು ಅಗೆದು ಗದ್ದೆಗಳಿಗೆ ಸುಣ್ಣ ತೆಗೆಯಲು ಪರವಾನಗಿ ಕೇಳಿದ. ದಿಬ್ಬ ಹೇಗೂ ಸತ್ತಿದೆ, ಅಗೆದರೆ ತಪ್ಪೇನು ಎಂಬುದು ವಾದ.

ಇದನ್ನು ವಿರೋಧಿಸಿದವರಲ್ಲಿ ಮುಂದಾಳು ಜಾನ್ ಬ್ಯುಸ್ಟ್ ಎಂಬ ಚಿತ್ರಕಲಾವಿದ. ಕವಯಿತ್ರಿ ಜುಡಿತ್ ರೈಟ್, ಅರಣ್ಯ ವಿಜ್ಞಾನಿ ಲೆನ್ ವೆಬ್ ಅವರ ಜತೆಗೂಡಿದರು. ಸ್ವಯಂಸೇವಕ ಮುಳುಗುಗಾರರು ಎಲಿಸನ್ ದಿಬ್ಬಕ್ಕೆ ಇಳಿದು, ಸತ್ತಿದೆ ಎನ್ನಲಾದ ಜಾಗ ಜೀವರಾಶಿಯಿಂದ ತುಂಬಿರುವುದನ್ನು ದಾಖಲಿಸಿ ತಂದರು. ಅರ್ಜಿ ತಿರಸ್ಕೃತವಾಯಿತು. ಅದರ ಬೆನ್ನಿಗೇ ದಿಬ್ಬದಲ್ಲಿ ತೈಲ ತೋಡುವ ಯೋಜನೆಗಳ ವಿರುದ್ಧ ಹೋರಾಟ ಮುಂದುವರಿಯಿತು. 1975ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಕಡಲ ಉದ್ಯಾನದ ಕಾಯ್ದೆ ಬಂತು. 1981ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. 1971ರಲ್ಲೇ ತೀರಿಕೊಂಡ ಬ್ಯುಸ್ಟ್ ಇದಾವುದನ್ನೂ ನೋಡಲಿಲ್ಲ. ಭಾರತದಲ್ಲೂ ಮನ್ನಾರ್ ಕೊಲ್ಲಿಯ ಹವಳವನ್ನು ಸುಣ್ಣಕ್ಕಾಗಿ ವರ್ಷಗಟ್ಟಲೆ ಅಗೆಯಲಾಗಿತ್ತು. ದಿಬ್ಬ ಕಟ್ಟುವ ಹವಳ ಇಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿದ್ದು 2001ರಲ್ಲಿ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ದೊರೆತಂತಾಯಿತು.

ಗಮನಿಸಬೇಕಾದದ್ದೆಂದರೆ, ಎಲಿಸನ್ ಪ್ರಕರಣದಲ್ಲಿ ಕಲಾವಿದನೊಬ್ಬನೇ ಗೆಲ್ಲಲಿಲ್ಲ. ಕಲಾವಿದ ಜನರ ಕಣ್ಣನ್ನು ಅತ್ತ ತಿರುಗಿಸಿದ. ವಿಜ್ಞಾನ ಬಲ್ಲವರು ಪುರಾವೆ ಕೊಟ್ಟರು. ತೀರ್ಪು ಕೊಡುವವರು ಎರಡನ್ನೂ ಎದುರಿಸಬೇಕಾಯಿತು. ಕಾಯ್ದೆಯಿಂದ ಗಣಿಯನ್ನು ತಡೆಯಬಹುದು, ಆದರೆ ಬಿಸಿ ನೀರನ್ನು ತಡೆಯಲಾಗದು. ಹಾಗಾಗಿ ಮುಂದಿನ ತಲೆಮಾರಿನ ಕಲಾವಿದರ ಕೆಲಸ ಇನ್ನಷ್ಟು ಕಷ್ಟದ್ದಾಯಿತು.

ನೂಲಿನಲ್ಲಿ ಹೆಣೆದ ದಿಬ್ಬ

1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ, ಲಾಟ್ವಿಯ ಮೂಲದ ಗಣಿತಜ್ಞೆ ಡೈನಾ ತೈಮಿನಾ ಒಂದು ಸಮಸ್ಯೆಗೆ ಕ್ರೋಶಾ ಕಡ್ಡಿಯಿಂದ ಉತ್ತರ ಕಂಡುಕೊಂಡರು. ಅಂಚಿಗೆ ಹೋದಂತೆಲ್ಲ ಹಿಗ್ಗುತ್ತಾ ನೆರಿಗೆಯಾಗುವ 'ಹೈಪರ್ಬೋಲಿಕ್' ಮೇಲ್ಮೈಯನ್ನು ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಒಂದೇ ಪ್ರಮಾಣದಲ್ಲಿ ಕಣ್ಣಿ ಹೆಚ್ಚಿಸುತ್ತಾ ನೂಲಿನಲ್ಲಿ ಹೆಣೆದರೆ ಅದು ತಾನಾಗಿಯೇ ಮೂಡುತ್ತದೆಂದು ಅವರು ತೋರಿಸಿದರು. ಹಾಗೆ ಹೆಣೆದ ನೆರಿಗೆಗೂ ಹವಳ, ಕಡಲ ಪಾಚಿಗಳ ಆಕಾರಕ್ಕೂ ಅಚ್ಚರಿಯ ಹೋಲಿಕೆ.

ಆ ಹೋಲಿಕೆಯನ್ನು ಹಿಡಿದು 2005ರಲ್ಲಿ ಕೆಲಸ ಆರಂಭಿಸಿದವರು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರು. ಗ್ರೇಟ್ ಬ್ಯಾರಿಯರ್ ರೀಫ್ ಇರುವ ಕ್ವೀನ್ಸ್‌ಲೆಂಡ್‌ನಲ್ಲೇ ಬೆಳೆದ ಇವರು ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ ಕೂತು ನೂಲಿನ ಹವಳ ಹೆಣೆಯತೊಡಗಿದರು. ಬಣ್ಣದ ದಿಬ್ಬದ ಪಕ್ಕದಲ್ಲಿ ಬಿಳಿ ನೂಲಿನ ಬಿಳಿಚಿದ ದಿಬ್ಬ, ಪ್ಲಾಸ್ಟಿಕ್ ಕಸ ಹೆಣೆದ ವಿಷದ ದಿಬ್ಬ ಎದ್ದವು. ನೋಡಿದವರು ತಾವೂ ಹೆಣೆಯುತ್ತೇವೆಂದು ಬಂದರು. ಹಲವು ದೇಶಗಳ ಊರುಗಳಲ್ಲಿ ಸ್ಥಳೀಯರೇ ತಮ್ಮ ದಿಬ್ಬ ಕಟ್ಟಿದರು. ಒಟ್ಟು ಕೈ ಹಾಕಿದವರ ಸಂಖ್ಯೆ ಇಪ್ಪತ್ತು ಸಾವಿರ ದಾಟಿತು. 2019ರಲ್ಲಿ ಈ ಕೃತಿ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶನಗೊಂಡಿತು. 2022ರಲ್ಲಿ ಜರ್ಮನಿಯ ಬಾಡೆನ್ ಬಾಡೆನ್‌ನಲ್ಲಿ ಸುಮಾರು 4,000 ಮಂದಿ ಕಳಿಸಿದ 40,000ದಷ್ಟು ತುಣುಕುಗಳಿಂದ ಒಂದು ದಿಬ್ಬ ನಿಂತಿತು.

ಹೆಣೆದವರಲ್ಲಿ ಬಹುಪಾಲು ಹೆಂಗಸರು. ಮನೆಗೆಲಸದ ನಡುವೆ ಹೆಣೆಯುವ ಕಲೆಗೆ 'ಕೈಕೆಲಸ' ಎಂಬ ಹೆಸರಷ್ಟೇ ಸಿಗುವುದು ಎಲ್ಲ ದೇಶಗಳಲ್ಲೂ ಇರುವ ರೂಢಿ. ಇಲ್ಲಿ ಆ ಕೈಕೆಲಸವೇ ಗಣಿತದ ಪಾಠವಾಯಿತು, ಕಡಲಿನ ಸುದ್ದಿಯಾಯಿತು. ಒಂದು ತುಣುಕು ಹೆಣೆಯಲು ತಾಸುಗಟ್ಟಲೆ ಬೇಕು. ಕಡಲಿನ ಹವಳ ಒಂದು ಬೆರಳಿನಷ್ಟು ಬೆಳೆಯಲು ವರ್ಷಗಳೇ ಬೇಕೆಂಬುದು ಹೆಣೆದವರಿಗೆ ತಮ್ಮ ಬೆರಳಿನಿಂದಲೇ ತಿಳಿಯುತ್ತದೆ.

ನೀರಿನಡಿಯ ಶಿಲ್ಪಗಳು

ಇನ್ನೊಂದು ದಾರಿ ಹಿಡಿದವರು ಬ್ರಿಟನ್ನಿನ ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್. 2006ರಲ್ಲಿ ಕೆರಿಬಿಯನ್ನಿನ ಗ್ರೆನಡಾ ದ್ವೀಪದ ಬಳಿ ಅವರು ಮನುಷ್ಯಾಕೃತಿಗಳನ್ನು ಕಡಲ ತಳದಲ್ಲಿ ನಿಲ್ಲಿಸಿದರು. ಹವಳ ಕೂರಲು ಒಗ್ಗುವ ವಿಶೇಷ ಸಿಮೆಂಟಿನಿಂದ ಮಾಡಿದ ಆ ಮೂರ್ತಿಗಳ ಮೇಲೆ ಕಾಲಕ್ರಮದಲ್ಲಿ ಪಾಚಿ, ಸ್ಪಂಜು, ಹವಳ ಬೆಳೆದವು. ಮೆಕ್ಸಿಕೊದ ಕಾನ್ಕುನ್‌ನಲ್ಲಿ ಇಂಥ ಸುಮಾರು 500 ಶಿಲ್ಪಗಳ ನೀರಿನಡಿಯ ಸಂಗ್ರಹಾಲಯವೇ ಆಯಿತು. ಪ್ರವಾಸಿಗರನ್ನು ಇತ್ತ ಸೆಳೆದರೆ ನಿಜವಾದ ದಿಬ್ಬದ ಮೇಲಿನ ತುಳಿತ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. 2019ರಲ್ಲಿ ಆಸ್ಟ್ರೇಲಿಯದ ಟೌನ್ಸ್‌ವಿಲ್ ದಂಡೆಯಲ್ಲಿ ಅವರು ನಿಲ್ಲಿಸಿದ ಹುಡುಗಿಯ ಪ್ರತಿಮೆಯಂತೂ ನೇರವಾಗಿ ಮಾತಾಡುತ್ತದೆ. ದೂರದ ದಿಬ್ಬದ ನೀರಿನ ತಾಪಕ್ಕೆ ತಕ್ಕಂತೆ ಅದರ ದೀಪ ನೀಲಿಯಿಂದ ಕೆಂಪಿಗೆ ಬದಲಾಗುತ್ತದೆ.

ಇದಕ್ಕೆ ಆಕ್ಷೇಪಗಳೂ ಇಲ್ಲದಿಲ್ಲ. ಶಿಲ್ಪ ನೋಡಲು ವಿಮಾನ ಏರಿ ಬರುವವರು ಇಂಗಾಲವನ್ನೂ ಹೊರಸೂಸಿಯೇ ಬರುತ್ತಾರೆ. ಸಿಮೆಂಟಿನ ಮೂರ್ತಿಯ ಮೇಲೆ ಬೆಳೆದ ಹವಳಕ್ಕೂ ಬಿಸಿ ನೀರು ಅಷ್ಟೇ ಮಾರಕ. ಕಲೆ ಸಮಾಧಾನ ಕೊಟ್ಟು ಸುಮ್ಮನಾಗಿಸುತ್ತದೆಯೇ, ಕೆಲಸಕ್ಕೆ ಹಚ್ಚುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ.

ಅಪ್ಪು ಕಂಡ ನೇತ್ರಾಣಿ

ಕರ್ನಾಟಕದ ಕಡಲಿನಲ್ಲಿ ಹವಳಕ್ಕೆ ಹೆಸರಾದ ತಾಣ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ನಿರ್ಜನ ದ್ವೀಪದ ಸುತ್ತಲ ಬಂಡೆಗಳ ಮೇಲೆ ಹವಳ ಬೆಳೆದಿದೆ. ಬಣ್ಣಬಣ್ಣದ ಮೀನುಗಳ ಹಿಂಡಿದೆ. ವರ್ಷಗಳ ಕಾಲ ನೌಕಾಪಡೆ ಇದನ್ನು ಗುಂಡು ಹಾರಿಸುವ ತಾಲೀಮಿನ ಗುರಿಯಾಗಿ ಬಳಸಿದ್ದಕ್ಕೆ ಪರಿಸರಪ್ರಿಯರ ವಿರೋಧವಿತ್ತು. ಈಚಿನ ವರ್ಷಗಳಲ್ಲಿ ಸ್ಕೂಬಾ ಮುಳುಗಿನ ಪ್ರವಾಸಿಗರಿಂದ ದ್ವೀಪದ ಹೆಸರು ರಾಜ್ಯದಲ್ಲೆಲ್ಲ ಹರಡಿತು.

ಹೆಚ್ಚಿನ ಕನ್ನಡಿಗರು ನೇತ್ರಾಣಿಯ ನೀರಿನಡಿಯನ್ನು ನೋಡಿದ್ದು ಚಿತ್ರಮಂದಿರದಲ್ಲಿ. ಅಮೋಘವರ್ಷ ನಿರ್ದೇಶನದ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ರಾಜ್ಯದ ಕಾಡು, ನದಿಗಳನ್ನು ಸುತ್ತಿ ನೇತ್ರಾಣಿಯಲ್ಲಿ ಕಡಲಿಗೂ ಇಳಿದರು. 2021ರ ಅಕ್ಟೋಬರ್ 29ರಂದು ಪುನೀತ್ ನಿಧನರಾದರು. ಒಂದು ವರ್ಷದ ಬಳಿಕ, 2022ರ ಅಕ್ಟೋಬರ್ 28ರಂದು ಚಿತ್ರ ತೆರೆ ಕಂಡಿತು. 1973ರಲ್ಲಿ ಡಾ. ರಾಜ್‌ಕುಮಾರ್ ನಟಿಸಿದ 'ಗಂಧದ ಗುಡಿ' ಕನ್ನಡಿಗರಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟಿಸಿತ್ತು. ಅದೇ ಹೆಸರಿನ ಮಗನ ಚಿತ್ರ ಕಡಲ ತಳವನ್ನೂ ನಾಡಿನ ಲೆಕ್ಕಕ್ಕೆ ಸೇರಿಸಿತು. ಹವಳ ಎಂದರೆ ಆಸ್ಟ್ರೇಲಿಯದ್ದು ಎಂದುಕೊಂಡಿದ್ದ ಎಷ್ಟೋ ಮನೆಗಳಲ್ಲಿ ಅದು ಉತ್ತರ ಕನ್ನಡದ್ದೂ ಹೌದೆಂಬ ತಿಳಿವಳಿಕೆ ಮೂಡಿದ್ದು ಹೀಗೆ. ಇರುವುದೇ ತಿಳಿಯದ ವಸ್ತು ಕಳೆದುಹೋದರೆ ಯಾರೂ ಹುಡುಕುವುದಿಲ್ಲ.

ಬೆಟ್ಟದೊಳಗಿನ ಕಡಲು

ಸಂಡೂರಿನ ಬೆಟ್ಟಗಳೇ ಒಂದು ಕಾಲಕ್ಕೆ ಕಡಲ ತಳವಾಗಿದ್ದವು. 1980ರ ದಶಕದಲ್ಲಿ ಭೂವಿಜ್ಞಾನಿಗಳು ಇಲ್ಲಿನ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳನ್ನು ಗುರುತಿಸಿದರು. ಇವು ಸುಮಾರು 260 ಕೋಟಿ ವರ್ಷ ಹಿಂದೆ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆಗಳು. ಹವಳ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ಭೂಮಿಯ ಮೇಲೆ ದಿಬ್ಬ ಕಟ್ಟಿದವು ಇಂಥ ಜೀವಿಗಳೇ. ಬಿಸಿಲಿನಲ್ಲಿ ಅಡುಗೆ ಮಾಡಿ ಆಮ್ಲಜನಕ ಬಿಟ್ಟವೂ ಅವೇ. ಆ ಆಮ್ಲಜನಕ ಕಡಲಿನಲ್ಲಿ ಕರಗಿದ್ದ ಕಬ್ಬಿಣದೊಂದಿಗೆ ಕೂಡಿ ತಳಕ್ಕೆ ಇಳಿದು ಅದಿರಿನ ಪಟ್ಟಿಗಳಾದವು ಎಂಬುದು ಭೂವಿಜ್ಞಾನದ ಪ್ರಚಲಿತ ವಿವರಣೆ. ಅಂದರೆ ಇಂದು ಲಾರಿ, ರೈಲುಗಳಲ್ಲಿ ಹೋಗುತ್ತಿರುವ ಅದಿರು ಹಳೆಯ ಕಡಲಿನ ಬದುಕಿನ ಉಳಿಕೆ.

ಆ ಅದಿರು ವಡ್ಡು, ತೋರಣಗಲ್ಲು ಸೀಮೆಯ ಕುಲುಮೆಗಳಲ್ಲಿ ಉಕ್ಕಾಗುತ್ತದೆ. ಊದು ಕುಲುಮೆಗೆ ಅದಿರಿನ ಜತೆ ಕಲ್ಲಿದ್ದಲ ಕೋಕ್ ಬೇಕು, ಸುಣ್ಣದ ಕಲ್ಲು ಬೇಕು. ಜಗತ್ತಿನ ಸರಾಸರಿ ಲೆಕ್ಕದಲ್ಲಿ ಒಂದು ಟನ್ ಉಕ್ಕು ಮಾಡಲು ಎರಡು ಟನ್‌ಗೆ ಸಮೀಪದಷ್ಟು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಮನುಷ್ಯರು ಹೊರಬಿಡುವ ಆ ಅನಿಲದಲ್ಲಿ ಉಕ್ಕು ಉದ್ಯಮದ ಪಾಲು ಶೇ 7ರ ಆಸುಪಾಸು. ಹೆಚ್ಚಿದ ತಾಪದ ಶೇ 90ಕ್ಕೂ ಹೆಚ್ಚು ಭಾಗವನ್ನು ಹೀರಿಕೊಳ್ಳುವುದು ಕಡಲು. ಹೊರಬಿಟ್ಟ ಅನಿಲದಲ್ಲಿ ಕಾಲು ಭಾಗ ನೀರಿನಲ್ಲೇ ಕರಗಿ, ಹವಳ ಸುಣ್ಣ ಕಟ್ಟಿಕೊಳ್ಳುವುದನ್ನು ಇನ್ನೂ ಕಷ್ಟವಾಗಿಸುತ್ತದೆ. ಒಂದು ಊರಿನ, ಒಂದು ಕಾರ್ಖಾನೆಯ ಮೇಲೆ ಹೊರಿಸುವ ಅಪರಾಧ ಇದಲ್ಲ. ಉಕ್ಕಿಲ್ಲದೆ ಸೇತುವೆ, ರೈಲು, ಆಸ್ಪತ್ರೆ ಯಾವುದೂ ಇಲ್ಲ. ಸಾವಿರಾರು ಮನೆಗಳ ಅನ್ನವೂ ಅದರಲ್ಲಿದೆ. ಆದರೆ ಕಡಲು ದೂರ, ಅದರ ಗೊಡವೆ ನಮಗೇಕೆ ಎನ್ನಲು ಈ ಸೀಮೆಗೆ ಬರುವುದಿಲ್ಲ.

ಕಣ್ಣೆದುರೇ ಇದ್ದ ಬೆಟ್ಟದ ಸಾವನ್ನು ಕಾಣಲು ಕೂಡ ಇಲ್ಲಿ ಕಾಲ ಹಿಡಿಯಿತು. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಗಣಿಗಾರಿಕೆ ಮಿತಿ ಮೀರಿತು. ಕುಮಾರಸ್ವಾಮಿ, ಪಾರ್ವತಿ ದೇಗುಲಗಳಿಗೆ ಸ್ಫೋಟದಿಂದ ಧಕ್ಕೆಯಾದೀತೆಂಬ ಆತಂಕ ನ್ಯಾಯಾಲಯದವರೆಗೂ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿಗಳು 2008ರಲ್ಲಿ ಮತ್ತು 2011ರಲ್ಲಿ ಬಂದವು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಂದಿಗೆ ಮತ್ತೆ ಅವಕಾಶ ಸಿಕ್ಕಿತು. ಜಿಲ್ಲೆಯ ವಾರ್ಷಿಕ ಅದಿರು ಮಿತಿಯನ್ನು 2022ರಲ್ಲಿ 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿಸಲಾಯಿತು. ಎಲಿಸನ್ ದಿಬ್ಬದಂತೆ ಇಲ್ಲಿಯೂ ಪುರಾವೆ, ಜನರ ಒತ್ತಡ, ತೀರ್ಪು ಮೂರೂ ಕೂಡಿದಾಗಲೇ ಏನಾದರೂ ಆದದ್ದು.

ಸೂಜಿಗೆ ಎಷ್ಟು ಬಲ?

ಸಂಡೂರಿನಲ್ಲಿ 1980ರ ದಶಕದಲ್ಲಿ ಆರಂಭವಾದ ಕುಶಲ ಕಲಾ ಕೇಂದ್ರ, ಮರೆಯಾಗುತ್ತಿದ್ದ ಲಂಬಾಣಿ ಕಸೂತಿಯನ್ನು ತಾಂಡಾದ ಹೆಂಗಸರ ಸಂಪಾದನೆಯ ದಾರಿಯಾಗಿಸಿತು. ಇಲ್ಲಿನ ಕಸೂತಿಗೆ ಯುನೆಸ್ಕೊ ಮನ್ನಣೆ ದೊರೆತಿದೆ, ಭೌಗೋಳಿಕ ಗುರುತಿನ ಹಕ್ಕೂ ಸಿಕ್ಕಿದೆ. 2023ರ ಜುಲೈನಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯತಂಡ ಹಂಪಿಯಲ್ಲಿ ಸೇರಿದಾಗ, 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಅದೇ ತಿಂಗಳು ಅಮೆರಿಕದ ಫ್ಲಾರಿಡಾ ದಂಡೆಯ ಒಂದು ಕೊಲ್ಲಿಯಲ್ಲಿ ನೀರಿನ ತಾಪ 38 ಡಿಗ್ರಿ ದಾಟಿತ್ತು. ನಾಲ್ಕನೇ ಜಾಗತಿಕ ಬಿಳಿಚುವಿಕೆ ಆಗಲೇ ಶುರುವಾಗಿತ್ತು.

ಕಲೆಯಿಂದ ಕಡಲು ತಂಪಾಗುವುದಿಲ್ಲ. ನೂಲಿನ ಹವಳಕ್ಕೆ ಮೀನು ಬಂದು ಮೊಟ್ಟೆ ಇಡುವುದಿಲ್ಲ. ಗಣಿಯ ಮಿತಿ, ಕುಲುಮೆಯ ಇಂಧನ, ಇಂಗಾಲದ ಲೆಕ್ಕ ಇವೆಲ್ಲ ತೀರ್ಮಾನವಾಗುವುದು ಸಚಿವಾಲಯ, ನ್ಯಾಯಾಲಯ, ಕಂಪನಿಗಳ ಸಭೆಗಳಲ್ಲಿ. ಆದರೆ ಆ ಸಭೆಗಳಲ್ಲಿ ಒಂದು ವಿಷಯ ಚರ್ಚೆಗೆ ಬರಬೇಕಾದರೆ ಅದು ಮೊದಲು ಜನರ ಮನೆಯ ಮಾತಾಗಬೇಕು. ಬ್ಯುಸ್ಟ್, ವರ್ತೈಮ್ ಸೋದರಿಯರು, 'ಗಂಧದ ಗುಡಿ' ಮಾಡಿದ್ದು ಇಷ್ಟನ್ನೇ. ಅದು ಸಣ್ಣ ಕೆಲಸವಲ್ಲ.

ಸಂಡೂರಿನ ಕಸೂತಿಗೆ ಇಂಥ ಮಾತು ಹೊಸದಾಗಿ ಕಲಿಸಬೇಕಾಗಿಲ್ಲ. ಹವಳದ ದಿಬ್ಬದ ಜೀವಿಯೊಂದರ ಮನೆಯನ್ನು ಅದು ತಲೆತಲಾಂತರದಿಂದ ಹೊತ್ತುಕೊಂಡೇ ಬಂದಿದೆ. ಪ್ರದರ್ಶನದಲ್ಲಿ ಚೀಲವನ್ನೋ ಗೋಡೆಯ ಪಟವನ್ನೋ ಕೊಳ್ಳುವವರಿಗೆ ಹೊಲಿಗೆಯ ಹೆಸರು ಹೇಳುವಾಗ, ಅಂಚಿನ ಕವಡೆ ಎಲ್ಲಿಂದ ಬಂತು, ಆ ಕಡಲಿಗೆ ಈಗ ಏನಾಗಿದೆ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಬಹುದು. ಶಾಲೆಯ ಕೈಕೆಲಸದ ಅವಧಿಯಲ್ಲೂ ಅದನ್ನು ಹೇಳಬಹುದು. ಅದಕ್ಕೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.